ಕೆಂಚನ ಖಾತೆ: ಎರಡು ಮನೆ, ಒಂದು ಬೆಕ್ಕು, ಒಂದು ವರ್ಷದ ಲೆಕ್ಕ

ಈ ಸಲ ಯುಗಾದಿಗೆ ಅವ್ವ ಪಾಂಡವಪುರದ ಕಡೆಯಿಂದ ಮೈಸೂರಿಗೆ ಬಂದಿದ್ದಳು. ಮಧ್ಯಾಹ್ನ ಒಬ್ಬಟ್ಟಿನ ಊಟ ಮುಗಿಸಿ ಸುಮ್ನೆ ಕೂತವಳ ಕೈಗೆ ಫ್ರಿಜ್ಜಿನ ಮೇಲಿದ್ದ ನೋಟ್‌ಬುಕ್ ಸಿಕ್ಕಿತು. ರಟ್ಟಿನ ಮೇಲೆ ನನ್ನ ಮಗಳು ಸ್ಕೆಚ್ ಪೆನ್ನಿನಲ್ಲಿ ‘ಕೆಂಚನ ಖಾತೆ’ ಅಂತ ಬರೆದು ಎರಡೂ ಕಡೆ ಮೀಸೆ ಎಳೆದಿದ್ದಾಳೆ. ಅವ್ವ ಓದಿದ್ದು ಏಳನೇ ಕ್ಲಾಸು, ಆದರೆ ಕೂಡಿ ಕಳೆಯೋದರಲ್ಲಿ ನನಗಿಂತ ಚುರುಕು. ನೇರ ಕೊನೇ ಪುಟಕ್ಕೆ ಹೋದಳು. ಮೊತ್ತದ ಮೇಲೆ ಬೆರಳಿಟ್ಟಳು.

“ಇದೇನವ್ವ, ಬೆಕ್ಕುಗಾ ಮೂವತ್ತೇಳ್ ಸಾವ್ರ? ಇಷ್ಟ್ ದುಡ್ಡಲ್ಲಿ ಮೂರ್ ಮೇಕೆ ಕಟ್ಬೋದಿತ್ತಲ್ಲ!”

ಕಟ್ಟಬಹುದಿತ್ತು. ಮೇಕೆ ಮರಿ ಹಾಕುತ್ತದೆ, ಮಾರಿದರೆ ದುಡ್ಡು ಬರುತ್ತದೆ. ಕೆಂಚ ನಮಗೆ ಕೊಟ್ಟಿದ್ದು ಸೋಫಾದ ತುಂಬ ಕೂದಲು, ತಿಂಗಳಿಗೊಂದು ಹಲ್ಲಿ. 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ ಅವನ ಮೇಲೆ ನಾವು ಖರ್ಚು ಮಾಡಿದ್ದು 37,010 ರೂಪಾಯಿ. ಆ ಅಂಕಿಯಲ್ಲಿ ತಪ್ಪಿಲ್ಲ. ನಾನು ದಿನವಿಡೀ ಒಂದು ಕಾಲೇಜಿನ ಆಫೀಸಿನಲ್ಲಿ ಫೀಸಿನ ಲೆಕ್ಕ ನೋಡುವವಳು, ರಸೀದಿ ಇಲ್ಲದೆ ಏನೂ ಬರೆದಿಲ್ಲ. ಆದರೆ ಈ ಖಾತೆಗೆ ಬಾರದ ಒಂದು ಬಾಬ್ತು ಇತ್ತು. ಅದಕ್ಕೆ ರಸೀದಿ ಇರಲಿಲ್ಲ, ಯಾಕೆಂದರೆ ಅದು ಬಿಟ್ಟಿ. ನಮಗೆ ದುಬಾರಿಯಾಗಿದ್ದೂ ಅದೇ. ಅದನ್ನು ಹೇಳುವುದಕ್ಕೇ ಈ ಬರಹ.

ಬೆಕ್ಕು ಯಾರದು

ನಾವಿರುವುದು ಕುವೆಂಪುನಗರದಲ್ಲಿ, ಮೊದಲನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಓನರ್ ಅಂಕಲ್, ಆಂಟಿ ಇಬ್ಬರೇ. ಅಂಕಲ್ ಬ್ಯಾಂಕಿನಿಂದ ರಿಟೈರ್ ಆದವರು. ಮಕ್ಕಳು ಹೊರದೇಶದಲ್ಲಿದ್ದಾರೆ. ಅವರದು ಈರುಳ್ಳಿ ಬೆಳ್ಳುಳ್ಳಿಯನ್ನೂ ಯೋಚನೆ ಮಾಡಿ ಬಳಸುವ ಮನೆ. ನಾವು ಮಂಡ್ಯದವರು, ಭಾನುವಾರ ಕೋಳಿ ಸಾರು ಆಗಲೇಬೇಕು. ಮನೆ ನೋಡಲು ಹೋದ ದಿನವೇ ಅದನ್ನು ಹೇಳಿದ್ದೆ. ಆಂಟಿ ಎರಡು ನಿಮಿಷ ಸುಮ್ಮನಿದ್ದು, “ಅಡುಗೆಮನೆ ಕಿಟಕಿ ಹಾಕ್ಕೊಂಡು ಮಾಡಿಕೊಳ್ಳಮ್ಮ” ಅಂದಿದ್ದರು. ಇಷ್ಟು ವರ್ಷ ಅದೇ ಒಪ್ಪಂದದ ಮೇಲೆ ನಡೆದಿದೆ.

2022ರ ಜೂನ್ ಮಳೆಯಲ್ಲಿ, ಅಂಕಲ್ ಹೊದಿಕೆ ಹಾಕಿ ನಿಲ್ಲಿಸಿದ್ದ ಮಾರುತಿ 800ರ ಕೆಳಗೆ ಒಂದು ಬೀದಿ ಬೆಕ್ಕು ಮೂರು ಮರಿ ತಂದಿಟ್ಟಿತು. ವಾರ ಕಳೆದ ಮೇಲೆ ಎರಡನ್ನು ಕಚ್ಚಿಕೊಂಡು ಹೋಯಿತು. ಮೂರನೆಯದಕ್ಕೆ ವಾಪಸ್ ಬರಲೇ ಇಲ್ಲ. ಕೆಂಚು ಬಣ್ಣ, ಹೊಟ್ಟೆ ಮಾತ್ರ ಬಿಳಿ. ಈ ಬಣ್ಣದ ಬೆಕ್ಕುಗಳಲ್ಲಿ ಐದರಲ್ಲಿ ನಾಲ್ಕು ಗಂಡೇ ಇರುತ್ತವಂತೆ. ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ಗಂಡಿಗೆ ಒಂದು ಪ್ರತಿ ಸಾಕು, ಹೆಣ್ಣಿಗೆ ಎರಡು ಬೇಕು. ನಮ್ಮದೂ ಗಂಡು.

ಮಗಳು ಅದನ್ನು ಮೇಲೆ ತಂದಳು. ಆಂಟಿ ಕೆಳಗಿನಿಂದ ಹಾಲು ಕಳಿಸಿದರು. ಅಲ್ಲಿಗೆ ಬೆಕ್ಕು ಯಾರದು ಅನ್ನೋ ಪ್ರಶ್ನೆಗೆ ಉತ್ತರ ಸಿಗದೇ ಹೋಯಿತು. ರಾತ್ರಿ ಮಲಗುವುದು ನಮ್ಮ ಮನೆಯಲ್ಲಿ, ಬೆಳಗಿನ ಬಿಸಿಲಿಗೆ ಕೂರುವುದು ಆಂಟಿಯ ಕಾಂಪೌಂಡಿನ ಮೇಲೆ. ಆಸ್ಪತ್ರೆಯ ಚೀಟಿಯಲ್ಲಿ ಇರುವುದು ನನ್ನ ಹೆಸರು.

ಮೊದಲ ವರ್ಷಕ್ಕೆ ಖಾತೆ ಇಟ್ಟಿರಲಿಲ್ಲ. ಉಳಿದ ಚೀಟಿಗಳನ್ನು ಕೂಡಿದರೆ 12 ಸಾವಿರದ ಹತ್ತಿರ. ಎಂಟು ವಾರಕ್ಕೆ ಮೊದಲ ಲಸಿಕೆ, ನಾಲ್ಕು ವಾರ ಬಿಟ್ಟು ಇನ್ನೊಂದು, ಮೂರು ತಿಂಗಳಾದ ಮೇಲೆ ರೇಬಿಸ್‌ದು, ನಡುನಡುವೆ ಜಂತಿನ ಔಷಧಿ, ಬುಟ್ಟಿ, ತಟ್ಟೆ. ದೊಡ್ಡದೆಂದರೆ ಸಂತಾನಹರಣ ಆಪರೇಷನ್, 3,500. ಹೆಣ್ಣು ಬೆಕ್ಕಿಗಾದರೆ ಹೊಟ್ಟೆ ಕೊಯ್ಯಬೇಕು, ಇನ್ನೂ ಜಾಸ್ತಿ ಆಗುತ್ತದೆ.

ಆಪರೇಷನ್ನಿಗೆ ಆಂಟಿ ಒಪ್ಪಿರಲಿಲ್ಲ. “ಪಾಪ, ಅದರ ಪಾಡಿಗೆ ಅದಿರಲಿ ಬಿಡಮ್ಮ” ಅನ್ನುತ್ತಿದ್ದರು. ಏಳು ತಿಂಗಳಾದಾಗ ಒಂದು ಬೆಳಿಗ್ಗೆ ಕೆಂಚ ಬಾಲ ನೆಟ್ಟಗೆ ನಿಲ್ಲಿಸಿ, ಹಿಂದೆ ತಿರುಗಿ, ಆಂಟಿಯ ತುಳಸಿ ಕಟ್ಟೆಗೆ ಚಿರ್ ಅಂತ ಸಿಡಿಸಿದ. ಪ್ರಾಯಕ್ಕೆ ಬಂದ ಗಂಡು ಬೆಕ್ಕು ತನ್ನ ಗಡಿ ಗುರುತು ಹಾಕುವುದು ಹೀಗೆ. ಆ ವಾಸನೆ ಎರಡು ಬಕೆಟ್ ನೀರಿಗೂ ಹೋಗಲಿಲ್ಲ. ಹತ್ತು ಗಂಟೆಗೆ ಆಂಟಿಯೇ ಮೇಲೆ ಬಂದು, “ಆ ಡಾಕ್ಟರ ನಂಬರ್ ಇದೆಯಾ ನಿನ್ನ ಹತ್ರ?” ಅಂದರು.

ಬರೆದ ಲೆಕ್ಕ

ಖಾತೆ ಶುರುವಾಗಿದ್ದು ಅಂಕಲ್‌ರಿಂದ. 2024ರ ಮಾರ್ಚಿನಲ್ಲಿ ಒಂದು ದಿನ ಮೆಟ್ಟಿಲ ಹತ್ತಿರ ನಿಂತು, ಈ ಬೆಕ್ಕಿಂದ ಕೈ ಖಾಲಿ ಆಗ್ತಿದೆ ಅಂತ ಗೊಣಗಿದ್ದೆ. ಅವರು ಕನ್ನಡಕ ಸರಿ ಮಾಡಿಕೊಂಡು, “ಎಷ್ಟು ಆಗ್ತಿದೆ?” ಅಂದರು. ನನಗೆ ಗೊತ್ತಿರಲಿಲ್ಲ. “ಗೊತ್ತಿಲ್ಲದೆ ಬೈಬಾರದು. ಏಪ್ರಿಲ್ ಒಂದಕ್ಕೆ ಶುರು ಮಾಡಿ, ಮಾರ್ಚ್ ಎಂಡಿಗೆ ಕ್ಲೋಸ್ ಮಾಡಮ್ಮ.” ಬೆಕ್ಕಿಗೂ ಹಣಕಾಸು ವರ್ಷ.

ಊಟದ ಬಾಬ್ತು ದೊಡ್ಡದು. 3 ಕೆಜಿ ಒಣ ಫುಡ್ ಚೀಲ 1,050ರಂತೆ ಐದು, ತಿಂಗಳ ಕೊನೆಯಲ್ಲಿ ಕೈ ಬಿಗಿಯಿದ್ದಾಗ 1.2 ಕೆಜಿಯದು 430ರಂತೆ ಮೂರು. ಒಟ್ಟು 6,540. ಸಣ್ಣ ಪ್ಯಾಕೆಟ್ ಯಾವತ್ತೂ ನಷ್ಟವೇ. ಚೀಲದಲ್ಲಿ ಕೆಜಿಗೆ 350 ಬಿದ್ದರೆ ಸಣ್ಣದರಲ್ಲಿ 358. ನೋಡೋಕೆ ಎಂಟೇ ರೂಪಾಯಿ, ಆದರೆ ಅಂಗಡಿಗೆ ಹೋದಾಗಲೆಲ್ಲ ಮಗಳು ಇನ್ನೊಂದು ಏನಾದರೂ ಎತ್ತಿಕೊಂಡಿರುತ್ತಾಳೆ. ಈ ಖರೀದಿ ಏಪ್ರಿಲ್‌ನಿಂದ ಸಂಕ್ರಾಂತಿಯವರೆಗೆ. 18.6 ಕೆಜಿಯನ್ನು ಸುಮಾರು 290 ದಿನಕ್ಕೆ ಹಂಚಿದರೆ ದಿನಕ್ಕೆ 64 ಗ್ರಾಂ. ಹಾರ್ಲಿಕ್ಸ್ ಬಾಟಲಿಯ ಮುಚ್ಚಳದಲ್ಲಿ ಅಳೆದು, ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ ಹಾಕುತ್ತಿದ್ದೆ. ಪ್ಯಾಕೆಟ್ಟಿನ ಹಿಂದೆ ಅವನ ತೂಕದ ಬೆಕ್ಕಿಗೆ ಹೇಳಿದ್ದೂ ಹೆಚ್ಚು ಕಮ್ಮಿ ಅಷ್ಟೇ. ಆ 64 ಗ್ರಾಂ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಗ್ರೇವಿಯ ಪೌಚು 45ರಂತೆ ವರ್ಷಕ್ಕೆ 60, ಅಂದರೆ 2,700. ಭಾನುವಾರ ಕೋಳಿ ಅಂಗಡಿಯಲ್ಲಿ ಅವನಿಗಂತಲೇ 20 ರೂಪಾಯಿಯ ಲಿವರ್, ವರ್ಷಕ್ಕೆ 1,040. ಭಾನುವಾರ ಯಾವುದು ಅಂತ ಕೆಂಚನಿಗೆ ಹೇಗೆ ಗೊತ್ತಾಗುತ್ತದೋ ಗೊತ್ತಿಲ್ಲ. ಅಡುಗೆಮನೆ ಕಿಟಕಿ ಹಾಕಿದ ಸದ್ದಿಗೆ ಓಡಿ ಬರುತ್ತಾನೆ ಅಂತ ನನ್ನ ಗುಮಾನಿ.

ಇಲ್ಲೇ ಅವ್ವ ಪುಸ್ತಕ ಮುಚ್ಚಿ, “ಹಾಲು ಅನ್ನ ಹಾಕಿದ್ರೆ ಬದ್ಕಲ್ವಾ?” ಅಂದಿದ್ದು. ಈ ಪ್ರಶ್ನೆಯನ್ನು ನಾನೂ ಒಂದು ತಿಂಗಳ ಕೊನೆಯಲ್ಲಿ ಕೇಳಿಕೊಂಡಿದ್ದೆ. ಹೊಟ್ಟೆ ತುಂಬುತ್ತದೆ, ನಿಜ. ಆದರೆ ಬೆಕ್ಕು ಮಾಂಸವನ್ನೇ ನೆಚ್ಚಿದ ಪ್ರಾಣಿ. ಅದಕ್ಕೆ ಟಾರಿನ್ ಅನ್ನೋ ಒಂದು ಅಂಶ ಬೇಕು. ಅದು ಮಾಂಸದಲ್ಲಿ, ಮೀನಿನಲ್ಲಿ ಇದೆ. ಅಕ್ಕಿ ಬೇಳೆಯಲ್ಲಿ ಇಲ್ಲ, ಹಾಲಿನಲ್ಲಿ ಸಾಲದು. ನಾಯಿ ತನಗೆ ಬೇಕಾದ್ದನ್ನು ಮೈಯಲ್ಲೇ ಸಾಕಷ್ಟು ಮಾಡಿಕೊಳ್ಳುತ್ತದೆ, ಬೆಕ್ಕಿಗೆ ಅದು ಆಗುವುದಿಲ್ಲ. ಟಾರಿನ್ ಕಮ್ಮಿಯಾದರೆ ಕಣ್ಣಿನ ಒಳಪರದೆ ಕೆಡುತ್ತದೆ, ಹೃದಯ ಉಬ್ಬಿ ಸೋಲುತ್ತದೆ. ಹೃದಯದ ಈ ಕಾಯಿಲೆಗೂ ಟಾರಿನ್ನಿಗೂ ನಂಟಿದೆ ಅಂತ ತೋರಿಸಿದ್ದು 1987ರಲ್ಲಿ, ಕ್ಯಾಲಿಫೋರ್ನಿಯಾದ ಡೇವಿಸ್‌ನ ಸಂಶೋಧಕರು. ಪ್ಯಾಕೆಟ್ ಫುಡ್ ತಿನ್ನುತ್ತಿದ್ದ ಬೆಕ್ಕುಗಳಲ್ಲೇ ಅದು ಕಂಡಿತ್ತು. ಆಮೇಲೆ ಕಂಪನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದವು. ಊರಿನ ಬೆಕ್ಕು ಹಾಲು ಅನ್ನದಲ್ಲೇ ಇದೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಕಣಜದ ಹತ್ತಿರ ಇಲಿ ಹಿಡಿದು ತನ್ನ ಪಾಲು ತುಂಬಿಸಿಕೊಂಡಿರುತ್ತದೆ, ಅಷ್ಟೇ.

ಮಣ್ಣಿನ ಬಾಬ್ತು 4,680. ಬೆಕ್ಕು ಕಕ್ಕ ಮಾಡೋಕೆ ಮಣ್ಣು ಕೊಂಡುಕೊಳ್ಳುತ್ತೇವೆ ಅಂದಾಗ ಅವ್ವ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಮೊದಲು ಮರದ ಡಿಪೋದಿಂದ ಹೊಟ್ಟು ತಂದು ನೋಡಿದೆವು. ಕಾಲಿಗೆ ಅಂಟಿಸಿಕೊಂಡು ಹಾಸಿಗೆವರೆಗೆ ತಂದ. ಮರಳು ಹಾಕಿದರೆ ಮೂರನೇ ದಿನಕ್ಕೆ ಮನೆಯೆಲ್ಲ ನಾತ. ಕೊನೆಗೆ ಬೆಂಟೊನೈಟ್ ಲಿಟರ್‌ಗೇ ಬಂದೆವು. ಗುಜರಾತಿನ ಕಛ್‌ ಕಡೆ ಹೇರಳವಾಗಿ ಸಿಗುವ ಜೇಡಿ ಅದು. ಒದ್ದೆಯಾದರೆ ಅಷ್ಟು ಜಾಗ ಮಾತ್ರ ಉಂಡೆ ಕಟ್ಟುತ್ತದೆ, ಅದನ್ನು ಎತ್ತಿ ಬಿಸಾಡಿದರೆ ಆಯಿತು. 10 ಕೆಜಿ ಚೀಲ 520, ವರ್ಷಕ್ಕೆ ಒಂಬತ್ತು. ಹಗಲು ಕೆಂಚ ಆಂಟಿಯ ಕರಿಬೇವಿನ ಕುಂಡದಲ್ಲಿ ಮುಗಿಸಿ ಬರುತ್ತಿದ್ದರಿಂದ ಇಷ್ಟರಲ್ಲೇ ಆಯಿತು. ಈ ಉಂಡೆ ಎಣಿಸುವುದು ಎಷ್ಟು ಮುಖ್ಯ ಅಂತ ನನಗೆ ಆಗ ಗೊತ್ತಿರಲಿಲ್ಲ.

ಲಸಿಕೆ, ಜಂತು, ಚಿಗಟ ಎಲ್ಲ ಸೇರಿ 2,600. ಮೂರು ರೋಗಕ್ಕೆ ಸೇರಿಸಿ ಕೊಡುವ ವರ್ಷದ ಚುಚ್ಚುಮದ್ದು 850, ಡಾಕ್ಟರ ಫೀಸು 300. ಮೂರು ತಿಂಗಳಿಗೊಮ್ಮೆ ಜಂತಿನ ಔಷಧಿ, ಒಟ್ಟು 240. ಕತ್ತಿನ ಹಿಂದೆ ಬಿಡುವ ಚಿಗಟದ ಹನಿ ಮೂರು ಸಲ, 1,050. ಇದನ್ನು ಕೊಳ್ಳುವಾಗ ಬೆಕ್ಕಿಗೆ ಅಂತ ಬರೆದದ್ದನ್ನೇ ಕೇಳಿ. ನಾಯಿಗೆ ಮಾಡಿದ ಕೆಲವು ಹನಿಗಳಲ್ಲಿ ಪರ್ಮೆತ್ರಿನ್ ಇರುತ್ತದೆ, ಬೆಕ್ಕಿಗೆ ಅದು ವಿಷ. ರೇಬಿಸ್ ಲಸಿಕೆಗೆ ದುಡ್ಡಾಗಲಿಲ್ಲ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಸುತ್ತಮುತ್ತ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ, ನಾವೂ ಸಾಲಿನಲ್ಲಿ ನಿಂತೆವು. ಆಟೋಗೆ 160 ಆಯಿತು. ಮುಂದೆ ಒಂದು ಲ್ಯಾಬ್ರಡಾರ್, ಹಿಂದೆ ಒಂದು ಪಗ್, ನಡುವೆ ಬುಟ್ಟಿಯಲ್ಲಿ ಕೆಂಚ. ಅವತ್ತು ಅವನು ಕೂಗಿದ ರೀತಿಗೆ ಆಟೋದವರು ಬಾಡಿಗೆಯಲ್ಲಿ ಹತ್ತು ರೂಪಾಯಿ ಬಿಟ್ಟರು.

ಮನೆ ಸಾಮಾನಿನದು 2,420. ಬಾಲ್ಕನಿಗೆ ಜಾಲರಿ ಬಾಗಿಲು 1,400, ಹರಿದ ಸೋಫಾಕ್ಕೆ ಕವರ್ 900, ಸಂತೇಪೇಟೆಯಿಂದ ತಂದ ಸೆಣಬಿನ ಹಗ್ಗ 120. ಹಗ್ಗವನ್ನು ಹಳೇ ಸ್ಟೂಲಿನ ಕಾಲಿಗೆ ಬಿಗಿಯಾಗಿ ಸುತ್ತಿದೆವು. ಉಗುರು ಕೆರೆಯೋಕೆ ಅಂಗಡಿಯಲ್ಲಿ ಮಾರುವ ಕಂಬಕ್ಕಿಂತ ಅದೇ ಅವನಿಗೆ ಇಷ್ಟ. ಇಡೀ ಖಾತೆಯಲ್ಲಿ ಕೊಟ್ಟ ದುಡ್ಡಿಗೆ ಪೂರ್ತಿ ಬಾಳಿದ್ದು ಈ 120 ರೂಪಾಯಿ.

ದಸರಾಕ್ಕೆ, ಮದುವೆಗೆ, ಊರ ಹಬ್ಬಕ್ಕೆ ಅಂತ ನಾವು ವರ್ಷದಲ್ಲಿ 11 ದಿನ ಮನೆಯಲ್ಲಿರಲಿಲ್ಲ. ಬೆಕ್ಕು ನೋಡಿಕೊಳ್ಳುವ ಕಡೆ ವಿಚಾರಿಸಿದರೆ ದಿನಕ್ಕೆ 500 ಅಂದರು. ಆಂಟಿ, “ನಾನಿಲ್ವಾ?” ಅಂದರು. ಖಾತೆಯಲ್ಲಿ ಆ ಸಾಲಿನ ಮುಂದೆ ಸೊನ್ನೆ ಬರೆದೆ. 5,500 ಉಳಿಯಿತು ಅಂತ ಖುಷಿಪಟ್ಟಿದ್ದೂ ನಿಜ.

ಸಂಕ್ರಾಂತಿಯ ರಾತ್ರಿ

2025ರ ಜನವರಿ 14, ಮಂಗಳವಾರ. ಮನೆ ತುಂಬ ನೆಂಟರು, ಎಳ್ಳು ಬೀರಲು ಬಂದು ಹೋಗುವ ಹುಡುಗಿಯರು. ಕೆಂಚ ಬೆಳಿಗ್ಗೆಯಿಂದ ಮಂಚದ ಕೆಳಗಿದ್ದ. ಗಲಾಟೆಗೆ ಹೆದರಿದ್ದಾನೆ ಅಂದುಕೊಂಡೆ. ಮಧ್ಯಾಹ್ನ ಮಗಳು ಬಂದು, “ಅಮ್ಮ, ಕೆಂಚ ಎಷ್ಟು ಸಲ ಟ್ರೇಗೆ ಹೋಗ್ತಾನೆ ನೋಡು” ಅಂದಳು. ನೋಡಿದೆ. ಹೋಗಿ ಕೂರುತ್ತಾನೆ, ಬೆನ್ನು ಬಾಗಿಸಿ ತಿಣುಕುತ್ತಾನೆ, ಬಾಲದ ತುದಿ ನಡುಗುತ್ತದೆ, ಎದ್ದು ಮಣ್ಣು ಮುಚ್ಚುತ್ತಾನೆ. ಮುಚ್ಚುವುದಕ್ಕೆ ಅಲ್ಲಿ ಏನೂ ಇಲ್ಲ. ಎರಡು ನಿಮಿಷಕ್ಕೆ ಮತ್ತೆ ಹೋಗುತ್ತಾನೆ.

ಮಲಬದ್ಧತೆ ಅಂತ ನಮ್ಮವರು ತೀರ್ಮಾನ ಮಾಡಿದರು. ಆಂಟಿ ಹರಳೆಣ್ಣೆ ಒಂದು ಚಮಚ ಹಾಕು ಅಂದರು. ಬಂದಿದ್ದ ನೆಂಟರೊಬ್ಬರು ನೋವಿರಬೇಕು, ಮಗುವಿನ ಪ್ಯಾರಸಿಟಮಾಲ್ ಸಿರಪ್ ಎರಡು ಹನಿ ಕೊಡಿ ಅಂದರು. ಪುಣ್ಯಕ್ಕೆ ಯಾವುದನ್ನೂ ಕೊಡಲಿಲ್ಲ. ಕೊಡೋಕೆ ಹೋದರೆ ಪರಚಿದ, ಅಷ್ಟೇ ಕಾರಣ. ನಮ್ಮ ಬುದ್ಧಿವಂತಿಕೆ ಏನಿಲ್ಲ. ಪ್ಯಾರಸಿಟಮಾಲನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲವೇ ಇಲ್ಲ ಅನ್ನಬಹುದು. ನಮಗೆ ಏನೂ ಅಲ್ಲದ ಒಂದು ಮಾತ್ರೆ ಅದನ್ನು ಕೊಲ್ಲಬಲ್ಲದು.

ರಾತ್ರಿ ಎಂಟಕ್ಕೆ ಬಚ್ಚಲುಮನೆಯ ಬಿಳಿ ಟೈಲಿನ ಮೇಲೆ ಒಂದು ಹನಿ ಕಂಡಿತು. ಗುಲಾಬಿ ಬಣ್ಣ. ಪಕ್ಕದಲ್ಲಿ ಕೆಂಚ ಮಲಗಿದ್ದ, ಎತ್ತಿಕೊಂಡರೆ ಕೂಗಿದ.

ಗೊತ್ತಿದ್ದ ಎರಡು ಕ್ಲಿನಿಕ್ಕಿಗೂ ಹಬ್ಬದ ಬೀಗ. ಅವ್ವನಿಗೆ ಫೋನ್ ಮಾಡಿದರೆ, “1962ಕ್ಕೆ ಮಾಡವ್ವ, ನಮ್ ಹಸುಗೆ ಅವ್ರೇ ಬಂದಿದ್ದು” ಅಂದಳು. ಅದು ಪಶು ಚಿಕಿತ್ಸೆಯ ಸಹಾಯವಾಣಿ ನಂಬರು. ಅಷ್ಟರಲ್ಲಿ ಅಂಕಲ್ ತಮ್ಮ ಬ್ಯಾಂಕಿನ ಸ್ನೇಹಿತರಿಗೆಲ್ಲ ಫೋನ್ ಮಾಡಿ, ರಾತ್ರಿ ತೆರೆದಿರುವ ಒಂದು ಕಡೆ ಹುಡುಕಿದ್ದರು. ಒಂಬತ್ತೂವರೆಗೆ ಮೇಜಿನ ಮೇಲೆ ಕೆಂಚ. ಡಾಕ್ಟರು ಅವನ ಹೊಟ್ಟೆಯ ಕೆಳಗೆ ಕೈ ಹಾಕಿದರು, ಆಮೇಲೆ ನನ್ನ ಕೈ ಹಿಡಿದು ಅಲ್ಲೇ ಇಟ್ಟರು. ಮೂಸಂಬಿಯಷ್ಟು ದಪ್ಪ, ಕಲ್ಲಿನ ಹಾಗೆ ಗಟ್ಟಿ.

“ಇದು ಕಕ್ಕ ಅಲ್ಲ ಮೇಡಂ, ಮೂತ್ರ. ದಾರಿ ಕಟ್ಟಿಕೊಂಡಿದೆ.”

ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರಾ ಸಣ್ಣ. ಮೂತ್ರದಲ್ಲಿ ಹರಳು ಕಟ್ಟಿದರೆ, ಲೋಳೆ ಸೇರಿಕೊಂಡರೆ ಅಲ್ಲಿ ಬೆಣೆಯ ಹಾಗೆ ಕೂರುತ್ತದೆ. ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಒಂದೆರಡು ದಿನ ಹಾಗೇ ಬಿಟ್ಟರೆ ಬೆಕ್ಕು ಉಳಿಯುವುದಿಲ್ಲ. ನಾವು ಬೆಳಿಗ್ಗೆಯಿಂದ ಕಾದಿದ್ದೆವು. ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗಿ, ಮಣ್ಣು ಒಣಗಿದ್ದರೆ ಅವತ್ತೇ, ಆ ಗಂಟೆಯೇ ಹೊರಡಬೇಕು. ಈ ಬರಹದಿಂದ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ, ಉಳಿದ ರೂಪಾಯಿ ಪೈಸೆ ಹೇಗೋ ಆಗುತ್ತದೆ.

ಬಿಲ್ಲು ಹೀಗಿತ್ತು. ರಾತ್ರಿ ಫೀಸು 700, ಎಕ್ಸ್‌ರೇ 900, ರಕ್ತಪರೀಕ್ಷೆ 1,200, ಮತ್ತು ಬರುವ ಔಷಧಿ ಕೊಟ್ಟು ನಳಿಕೆ ಹಾಕಿದ್ದಕ್ಕೆ 3,500, ಮೂರು ದಿನ ಡ್ರಿಪ್ಪು, ಬೆಡ್ಡು ಸೇರಿ 4,500, ಔಷಧಿ 850. ಆಮೇಲೆ ಎರಡು ಸಲ ತೋರಿಸಿದ್ದು 600, ಮೂತ್ರಪರೀಕ್ಷೆ 400. ಆಟೋಗಳಿಗೆ 480. ಎಲ್ಲ ಸೇರಿ 13,130. ಮನೆಗೆ ಬಂದ ಮೇಲೆ, ಮೂತ್ರದಲ್ಲಿ ಕಟ್ಟುವ ಸ್ಟ್ರೂವೈಟ್ ಅನ್ನೋ ಹರಳು ಕರಗಿಸುವ ಬೇರೆ ಫುಡ್. ಒಂದೂವರೆ ಕೆಜಿಗೆ 1,950, ಮಾರ್ಚ್ ಮುಗಿಯುವವರೆಗೆ ಎರಡು ಚೀಲ, 3,900. ಅದನ್ನು ಊಟಕ್ಕೆ ಸೇರಿಸಿದರೆ ಊಟದ ಬಾಬ್ತು 14,180 ಆಗುತ್ತದೆ. ಆ ರಾತ್ರಿ ಒಂದು ಇಲ್ಲದೇ ಇದ್ದಿದ್ದರೆ, ಮಾಮೂಲಿ ಫುಡ್ಡಿನಲ್ಲೇ ಮಾರ್ಚಿನವರೆಗೆ ನಡೆದಿದ್ದರೆ, ಇಡೀ ವರ್ಷ 22 ಸಾವಿರದೊಳಗೆ ಮುಗಿಯುತ್ತಿತ್ತು.

ಬರೆಯದ ಲೆಕ್ಕ

ಎರಡನೇ ದಿನ ಡಾಕ್ಟರು ಕೇಳಿದರು, ಏನೇನು ತಿನ್ನಿಸುತ್ತೀರ ಅಂತ. ನಾನು ಕಂಠಪಾಠ ಒಪ್ಪಿಸಿದೆ. ಒಣ ಫುಡ್ 64 ಗ್ರಾಂ, ವಾರಕ್ಕೊಂದು ಪೌಚು, ಭಾನುವಾರ ಲಿವರ್. ಅವರು ತೂಕದ ಚೀಟಿ ತೋರಿಸಿದರು. ಹೋದ ಜೂನ್‌ನಲ್ಲಿ ಲಸಿಕೆಗೆ ಹೋದಾಗ 4.2 ಕೆಜಿ. ಈಗ 5.9.

“64 ಗ್ರಾಂ ತಿಂದ ಬೆಕ್ಕು ಏಳು ತಿಂಗಳಲ್ಲಿ ಇಷ್ಟು ಏರಲ್ಲ ಮೇಡಂ. ಇನ್ಯಾರು ಹಾಕ್ತಾರೆ?”

ಗಾದೆ ಇದೆಯಲ್ಲ, ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ಅಂತ. ಇಲ್ಲಿ ಬೆಕ್ಕು ರಾಜಾರೋಷವಾಗಿಯೇ ಕುಡಿದಿದೆ. ಕಣ್ಣು ಮುಚ್ಚಿದ್ದವಳು ನಾನು.

ಸಂಜೆ ಕೆಳಗಿನ ಮನೆಯಲ್ಲಿ ಕೂತು ಕೇಳಿದೆ. ಆಂಟಿ ಒಂದೊಂದಾಗಿ ಹೇಳಿದರು. ಬೆಳಿಗ್ಗೆ ದೇವರ ನೈವೇದ್ಯ ಆದ ಮೇಲೆ ನಂದಿನಿ ನೀಲಿ ಪ್ಯಾಕೆಟ್ಟಿನ ಹಾಲು ಅರ್ಧ ಲೋಟ. ಮಧ್ಯಾಹ್ನ ತಮ್ಮ ಊಟದ ಕೊನೆಗೆ ಒಂದು ಹಿಡಿ ಮೊಸರನ್ನ. ಸಂಜೆ ಕಾಫಿ ಹೊತ್ತಿಗೆ ಒಂದು ಮಾರಿ ಬಿಸ್ಕತ್ತು, ಅರ್ಧರ್ಧ ಮುರಿದು. ಏಕಾದಶಿ ದಿನ ಅನ್ನ ಮಾಡುವುದಿಲ್ಲ, “ಪಾಪ, ಹಸಿದಿರತ್ತೆ” ಅಂತ ಅವತ್ತು ಹಾಲು ಎರಡು ಸಲ. ಎರಡೂವರೆ ವರ್ಷದಿಂದ ಇದು ನಡೆದಿದೆ. ಮೊದಮೊದಲು ಮರಿ, ಓಡಾಡುತ್ತಿದ್ದ, ಅರಗುತ್ತಿತ್ತು.

ಅಂಕಲ್ ಕ್ಯಾಲೆಂಡರಿನ ಹಳೇ ಹಾಳೆ ತಿರುಗಿಸಿ ಪೆನ್ನು ಹಿಡಿದರು. ನಾನು ಫೋನಿನಲ್ಲಿ ನೋಡಿ ಹೇಳಿದೆ, ಅವರು ಬರೆದರು. ನನ್ನ 64 ಗ್ರಾಂನಿಂದಲೇ ದಿನಕ್ಕೆ 240 ಕ್ಯಾಲೊರಿ ಹತ್ತಿರ. ನಾಲ್ಕು ಕೆಜಿಯ, ಆಪರೇಷನ್ ಆದ, ಮನೆಯಲ್ಲೇ ಇರುವ ಬೆಕ್ಕಿಗೆ ಅಷ್ಟೇ ಸಾಕು, ಸ್ವಲ್ಪ ಜಾಸ್ತಿಯೇ ಆಯಿತು. ಕೆಳಗಿನ ಹಾಲು 60, ಮೊಸರನ್ನ ಸುಮಾರು 80, ಬಿಸ್ಕತ್ತು ಇಪ್ಪತ್ತರ ಮೇಲೆ. ಅಂದರೆ ಇನ್ನೊಂದು 160. ಕೆಂಚ ದಿನಾ ಒಂದೂ ಮುಕ್ಕಾಲು ಬೆಕ್ಕಿನ ಊಟ ತಿನ್ನುತ್ತಿದ್ದ ಅಂತ ಆಯಿತು. ನನ್ನ ಖಾತೆಯಲ್ಲಿ ಒಂದು ಬೆಕ್ಕು ಮಾತ್ರ ಇತ್ತು.

ಆಂಟಿಯನ್ನು ಬೈಯುವ ಮಾತಲ್ಲ ಇದು. ಡಾಕ್ಟರು ಕೂಡ ಮೊಸರನ್ನದಿಂದಲೇ ಹೀಗಾಯಿತು ಅನ್ನಲಿಲ್ಲ. ಒಂದೇ ಕಾರಣ ಅಂತ ಬೊಟ್ಟು ಮಾಡೋಕೆ ಆಗುವುದಿಲ್ಲ, ತೂಕ ಜಾಸ್ತಿ, ಓಡಾಟ ಕಮ್ಮಿ, ನೀರು ಕಮ್ಮಿ, ಮನೆಯಲ್ಲಿ ಗಲಾಟೆ, ಎಲ್ಲ ಸೇರಿಕೊಳ್ಳುತ್ತವೆ ಅಂದರು. ಹಾಗೆ ನೋಡಿದರೆ ಪಟ್ಟಿಯಲ್ಲಿ ನನ್ನ ಪಾಲೂ ಇದೆ. ಆಗಸ್ಟಿನಲ್ಲಿ 1,400 ಕೊಟ್ಟು ಜಾಲರಿ ಬಾಗಿಲು ಹಾಕಿಸಿದೆ, ಬೀಳದಿರಲಿ ಅಂತ. ಅಲ್ಲಿಂದ ಅವನು ತಾರಸಿಗೆ ಹಾರುವುದು, ಮಾವಿನ ಮರ ಹತ್ತುವುದು ನಿಂತಿತು. ಹೆಚ್ಚಾಗಿ ಒಣ ಫುಡ್ಡನ್ನೇ ಹಾಕುತ್ತಿದ್ದವಳೂ ನಾನೇ. ಅದರಲ್ಲಿ ನೀರಿನಂಶ ಹತ್ತನೇ ಒಂದು ಭಾಗ. ಬೆಕ್ಕು ತಾನಾಗಿ ಜಾಸ್ತಿ ನೀರು ಕುಡಿಯುವ ಪ್ರಾಣಿಯಲ್ಲ, ಬೇಟೆಯ ಮಾಂಸದಿಂದಲೇ ನೀರು ಪಡೆಯುವ ವಂಶ. ಜನವರಿಯ ಮೈಸೂರು ಚಳಿಯಲ್ಲಿ ಅವನ ನೀರಿನ ಬಟ್ಟಲು ಸಂಜೆಗೂ ತುಂಬಿಯೇ ಇರುತ್ತಿತ್ತು. ನಾನು ಅದನ್ನು ನೋಡಿ, ಇವತ್ತು ನೀರು ಬದಲಾಯಿಸುವ ಕೆಲಸ ಉಳಿಯಿತು ಅಂದುಕೊಳ್ಳುತ್ತಿದ್ದೆ.

ಆದರೂ ಒಂದು ಮಾತು ಹೇಳಬೇಕು. ನಾನು ಬರೆದದ್ದೆಲ್ಲ ಕೊಟ್ಟ ದುಡ್ಡು. ಬೆಕ್ಕಿಗೆ ಎಷ್ಟು ಹೋಯಿತು ಅಂತ ಬರೆದೆ, ಬೆಕ್ಕಿನೊಳಗೆ ಎಷ್ಟು ಹೋಯಿತು ಅಂತ ಬರೆಯಲಿಲ್ಲ. ಎರಡು ಮನೆಯಲ್ಲಿ ಉಣ್ಣುವ ಬೆಕ್ಕಿಗೆ ಒಂದು ಮನೆಯಲ್ಲಿ ಖಾತೆ ಇಟ್ಟರೆ ಹೀಗೇ ಆಗುವುದು. 5,500 ಉಳಿಸಿದ ಸೊನ್ನೆಯ ಸಾಲಿನ ಹತ್ತಿರ ಈಗ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಆ 11 ದಿನ ಅವನಿಗೆ ಮುಚ್ಚಳದ ಅಳತೆ ಕೂಡ ಇರಲಿಲ್ಲ.

ಕೆಂಚ ಮನೆಗೆ ಬಂದ ಮಾರನೇ ದಿನ ಆಂಟಿ ಮೇಲೆ ಬಂದು ಒಂದು ಕವರ್ ಕೊಟ್ಟರು. ಬೇಡ ಅಂದರೂ ಕೇಳಲಿಲ್ಲ. ಒಳಗೆ 3,001 ರೂಪಾಯಿ. ಅಂಕಲ್ ಕೆಳಗಿನಿಂದಲೇ, “ಆಸ್ಪತ್ರೆ ಬಿಲ್ಲಿಗೆ ಯಾರಾದ್ರೂ ಮುಯ್ಯಿ ಹಾಕ್ತಾರೇನೇ?” ಅಂತ ಕೂಗಿದರು. ಜಮಾ ಕಡೆ ಬರೆದುಕೊಂಡೆ. ಕೈಯಿಂದ ಹೋಗಿದ್ದು 34,009 ಅಂತ ಆಯಿತು.

ಮೂರು ಮೇಕೆ

ಅವ್ವನ ಮಾತಿಗೆ ಬರುತ್ತೇನೆ. ನಮ್ಮ ಊರಿನ ಮನೆಯಲ್ಲಿ ಬೆಕ್ಕಿಲ್ಲದ ದಿನ ನನಗೆ ನೆನಪಿಲ್ಲ, ಅದಕ್ಕೆ ಒಂದು ರೂಪಾಯಿ ಖರ್ಚಾದದ್ದೂ ನೆನಪಿಲ್ಲ. ಅವ್ವ ಹೇಳುವುದು ಸುಳ್ಳಲ್ಲ. ಆದರೆ ಅವತ್ತು ಇಬ್ಬರೂ ಕೂತು ಆ ಬೆಕ್ಕುಗಳ ಹೆಸರು ನೆನಪಿಸಿಕೊಂಡೆವು. ಬೂದಿ, ಕರಿಯ, ಇನ್ನೊಂದು ಕರಿಯ, ಗುಂಡಿ. ಒಂದು ಕಬ್ಬಿನ ಲಾರಿಗೆ ಸಿಕ್ಕಿತು, ಒಂದನ್ನು ನಾಯಿ ಹಿಡಿಯಿತು, ಒಂದು ಬಣವೆ ಹಿಂದೆ ಎರಡು ದಿನ ಕೂಗಿ ಸತ್ತಿತು. ಯಾವುದೂ ನಾಲ್ಕು ವರ್ಷ ದಾಟಿದ ಹಾಗೆ ಕಾಣಲಿಲ್ಲ. ಮರಿಗಳ ಲೆಕ್ಕವಂತೂ ಇಲ್ಲವೇ ಇಲ್ಲ. ಎರಡು ತಿಂಗಳ ಬಸಿರು ಅಷ್ಟೇ, ಮರಿಗೆ ಹಾಲು ಕುಡಿಸುವಾಗಲೇ ಮತ್ತೆ ಬಸಿರು ನಿಲ್ಲುತ್ತದೆ.

ಬಣವೆ ಹಿಂದೆ ಕೂಗಿದ್ದು ಎರಡನೇ ಕರಿಯ. ಗಂಡು. ಅವ್ವ ಅದನ್ನು ಹೇಳುತ್ತಾ ನಿಲ್ಲಿಸಿದಳು, ಕೆಂಚನ ಕಡೆ ನೋಡಿದಳು. “ಅದುಕ್ಕೂ ಇದೇ ಆಗಿತ್ತೇನೋ ಕನವ್ವ. ನಾವ್ ಯಾರೋ ಮಾಟ ಮಾಡವ್ರೆ ಅಂದ್ಕಂಡೊ.”

ಮೇಕೆಯ ಮಾತು ಆಮೇಲೆ ಅವಳು ಎತ್ತಲಿಲ್ಲ.

ಏಪ್ರಿಲ್ 1ಕ್ಕೆ ಹೊಸ ಖಾತೆ ಶುರುವಾಗಿದೆ. ಅಂಕಲ್ ಸಲಹೆಯಂತೆ ತಿಂಗಳಿಗೆ 1,000ದ ಆರ್‌ಡಿ ಮಾಡಿಸಿದ್ದೇನೆ. ಒಮ್ಮೆ ಕಟ್ಟಿಕೊಂಡ ಬೆಕ್ಕಿಗೆ ಮತ್ತೆ ಕಟ್ಟಿಕೊಳ್ಳುವುದು ಉಂಟು ಅಂತ ಡಾಕ್ಟರು ಹೇಳಿಯೇ ಕಳಿಸಿದ್ದಾರೆ. ನೀರಿನ ಬಟ್ಟಲು ಒಂದಿದ್ದದ್ದು ಈಗ ಮೂರು, ಒಂದು ಆಂಟಿಯ ತುಳಸಿ ಕಟ್ಟೆಯ ಪಕ್ಕದಲ್ಲೇ ಇದೆ. ಜಾಲರಿ ಬಾಗಿಲು ಸಂಜೆ ಒಂದು ಗಂಟೆ ತೆಗೆದಿರುತ್ತದೆ, ಮಗಳು ಕಾವಲು. ಪ್ರತಿ ಬೆಳಿಗ್ಗೆ ಟ್ರೇಯಲ್ಲಿ ಉಂಡೆ ಎಣಿಸಿ ಬರೆಯುತ್ತೇನೆ. ಕಾಲೇಜಿನಲ್ಲಿ ಇದನ್ನು ಹೇಳಿ ನಗಿಸಿಕೊಂಡಿದ್ದೂ ಆಯಿತು. ಮಾರ್ಚ್ ಕೊನೆಗೆ ತೂಕ 5.3.

ಮೆಟ್ಟಿಲ ಗೋಡೆಗೆ ಮಗಳ ಹಳೇ ಸ್ಲೇಟು ನೇತುಹಾಕಿದ್ದೇವೆ. ಯಾರು ಏನು ಹಾಕಿದರೂ ಅದರಲ್ಲಿ ಒಂದು ಗೀಟು ಎಳೆಯಬೇಕು. ಹಾಲು, ಮೊಸರನ್ನ ನಿಂತಿದೆ. ಅದರ ಬದಲು ಬೆಳಗಿನ ಫುಡ್ ಆಂಟಿಯೇ ಹಾಕುತ್ತಾರೆ, ಅದೇ ಹಾರ್ಲಿಕ್ಸ್ ಮುಚ್ಚಳದಲ್ಲಿ, ಮೂಗಿಗೆ ಸೆರಗು ಅಡ್ಡ ಹಿಡಿದು. ನಿನ್ನೆ ಸಂಜೆ ಕೆಲಸದಿಂದ ಬರುವಾಗ ನೋಡಿದೆ, ಸ್ಲೇಟಿನಲ್ಲಿ ಎರಡು ಗೀಟು, ಅದರ ಪಕ್ಕ ಇನ್ನೊಂದು ಮೋಟು ಗೀಟು.

“ಇದೇನು ಆಂಟಿ?”

“ಅದು ಪೂರ್ತಿ ಅಲ್ಲಮ್ಮ,” ಅಂದರು ಒಳಗಿನಿಂದ. “ಅರ್ಧ ಬಿಸ್ಕತ್ತು.”